ಬಲಗಡೆ ಸವೆದ ಸೌಟು

ಸಾಣೆ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರೇನೆಂದು ಕೇಳಿದರೆ ಆ ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವನು ಗುಮಾನಿ. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಸರವಿಲ್ಲ. ಯಾಕೆ ಕರೆದೆ, ಈಗಲೇ ಯಾಕೆ ಕರೆದೆ ಎಂದು ಮಾತ್ರ ಕೇಳುತ್ತಾನೆ. ಹಾಲಿನವನು ನಗುತ್ತ ಬಂದರೆ ಹಾಲಿಗೆ ನೀರು ಬಿದ್ದಿದೆ ಎನ್ನುತ್ತಾನೆ. ಮುಖ ಗಂಟಿಕ್ಕಿಕೊಂಡು ಬಂದರೆ ಜಾಸ್ತಿಯೇ ಬಿದ್ದಿದೆ ಎನ್ನುತ್ತಾನೆ. ನಿನಗೇನೂ ಕಾಯಿಲೆಯಿಲ್ಲ ಎಂದು ಡಾಕ್ಟರು ಕಳಿಸಿಕೊಟ್ಟ ದಿನ ಅವನು ಊಟ ಬಿಟ್ಟು ಕೂತಿದ್ದ. ಬಾಯಿಬಿಟ್ಟು ಹೇಳಲಾಗದಂಥ ಕಾಯಿಲೆಯೇ ಇರಬೇಕು ಎಂದು ಅವನ ಲೆಕ್ಕ.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಮೂವತ್ತೈದು ವರ್ಷ ಊರವರ ಚಾಕು ಕತ್ತರಿಗಳಿಗೆ ಸಾಣೆ ಹಿಡಿದವನು ಅವನು. ಮುರಿದ ಸೌಟಿಗೆ ಹಿಡಿ ಹಾಕುವುದು, ಸಡಿಲವಾದ ಬಾಣಲೆಯ ಕಿವಿಗೆ ಮೊಳೆ ಬಡಿಯುವುದು, ಇವೂ ಅವನ ಕೆಲಸವೇ. ಜನ ಸುಳ್ಳು ಹೇಳುತ್ತಾರೆ, ಸಾಮಾನು ಹೇಳುವುದಿಲ್ಲ. ಬರೀ ತರಕಾರಿ ಹೆಚ್ಚುವ ಚಾಕು ಎಂದು ಹೆಂಗಸೊಬ್ಬಳು ತಂದುಕೊಟ್ಟರೆ ಇವನು ತುದಿಯನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಡಬ್ಬಿ ಮುಚ್ಚಳ ಮೀಟಿದ್ಯಾರು?" ಎನ್ನುವನು. ಅವಳು ಹಿಂದೆ ನಿಂತ ಗಂಡನ ಕಡೆ ತಿರುಗಿ ನೋಡುವಳು. ಒಮ್ಮೆ ಹೋಟೆಲಿನವನೊಬ್ಬನ ಚಾಕು ತಿರುವಿ ನೋಡಿ, "ಹಳೇ ಅಡುಗೆಯವನು ಬಿಟ್ಟುಹೋದ್ನಾ?" ಎಂದು ಕೇಳಿದ್ದ. ಹೋಟೆಲಿನವನು ಬಾಯಿ ತೆರೆದು ನಿಂತ. ಅಡುಗೆಯವನು ಬಿಟ್ಟುಹೋಗಿ ನಾಲ್ಕೇ ದಿನವಾಗಿತ್ತು.

ಹೀಗೆ ಊರವರ ಅಡುಗೆಮನೆಯನ್ನೆಲ್ಲ ಅಂಗಡಿಯಲ್ಲಿ ಕೂತೇ ಓದಿಬಿಡುವವನಿಗೆ ಒಂದು ಅಡುಗೆಮನೆ ಮಾತ್ರ ದಕ್ಕಿರಲಿಲ್ಲ. ಅದು ಅವನದೇ. ಅವನ ಹೆಂಡತಿ ಕೆಲಸ ಮಾಡುವಾಗ ಒಳಗಿನಿಂದ ಚಿಲಕ ಹಾಕಿಕೊಳ್ಳುವಳು. ಇದು ಮದುವೆಯಾದ ಹೊಸದರಿಂದ ಬಂದ ರೂಢಿ. ಕೇಳಿದರೆ, "ಗಾಳಿ ಬಡಿದ್ರೆ ಪಾಕ ಕೆಡುತ್ತೆ ರೀ" ಎನ್ನುವಳು. ಆ ಪಾಕಕ್ಕಾಗಿ ಗುಮಾನಿ ಏನು ಬೇಕಾದರೂ ಒಪ್ಪುತ್ತಿದ್ದ.

ಅದು ಕಿತ್ತಳೆ ಸಿಪ್ಪೆಯ ಪಾಕ. ಸಿಪ್ಪೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ಎರಡು ನೀರಿನಲ್ಲಿ ಬೇಯಿಸಿ ಕಹಿ ತೆಗೆದು, ಸಕ್ಕರೆ ಹಾಕಿ, ಸೌಟು ಬಿಡದೆ ತಿರುವುತ್ತ ಇಳಿಸುವುದು. ಕಲಿಸಿದವಳು ಅತ್ತೆ. ಆದರೆ ಅತ್ತೆಯ ಪಾಕ ಬರೀ ಪಾಕ; ಸೊಸೆಯದು ಬೇರೆಯೇ. ಒಂದೊಂದು ಎಳೆಯೂ ಒಂದು ತುದಿಯಲ್ಲಿ ಕರಗಿ ಬೆಣ್ಣೆಯಂತಾಗಿರುತ್ತಿತ್ತು, ಇನ್ನೊಂದು ತುದಿಯಲ್ಲಿ ಹಲ್ಲಿಗೆ ಸಿಕ್ಕಿ ಚೂರು ಕಹಿ ಬಿಡುತ್ತಿತ್ತು. ಬ್ರೆಡ್ಡಿನ ಮೇಲೆ ಹಚ್ಚಿಕೊಂಡು ತಿಂದವರು ಬೆರಳು ನೆಕ್ಕುತ್ತ, ಇದು ಹೇಗೆ ಎಂದು ಕೇಳುತ್ತಿದ್ದರು. ಅತ್ತೆ ಸಾಯುವವರೆಗೂ "ಇವಳು ಏನೋ ಹಾಕ್ತಾಳೆ, ಹೇಳಲ್ಲ" ಎನ್ನುತ್ತಲೇ ಇದ್ದಳು. ಗುಮಾನಿಗೆ ಆ ಬುದ್ಧಿ ಕಸುಬಿನಿಂದ ಬಂತು ಎಂದೆನಲ್ಲ, ಸ್ವಲ್ಪ ತಾಯಿಯ ಕಡೆಯಿಂದಲೂ ಬಂದಿರಬಹುದು.

ಆಕೆಯ ಮೊಮ್ಮಗಳಿಗೂ, ಅಂದರೆ ಗುಮಾನಿಯ ಮಗಳಿಗೂ ಬಂದಿತ್ತು. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮಗಳು ತನ್ನ ಮನೆಯಲ್ಲಿ ಪಾಕ ಮಾಡಿ ಮಾಡಿ ಸೋತಳು. ಕೊನೆಗೆ ಅಮ್ಮನ ಪಾತ್ರೆ, ಅಮ್ಮನ ಚಾಕು, ಅಮ್ಮನ ಮರದ ಸೌಟು ಎಲ್ಲವನ್ನೂ ಕೇಳಿ ತೆಗೆದುಕೊಂಡು ಹೋದಳು. ಆಗಲೂ ಅಜ್ಜಿಯ ಪಾಕವೇ ಆಯಿತು, ಅಮ್ಮನದಾಗಲಿಲ್ಲ. ಸಾಮಾನು ವಾಪಸು ತಂದು ಮೇಜಿನ ಮೇಲೆ ಧಡ್ಡನೆ ಇಟ್ಟು, "ಹೊಟ್ಟೇಲಿ ಹುಟ್ಟಿದ ಮಗಳಿಗೂ ಹೇಳದಂಥದ್ದು ಏನಮ್ಮ ಅದು?" ಎಂದಳು. ತಾಯಿ, "ಹೇಳಿದ್ನಲ್ಲೇ ಎಲ್ಲಾನೂ" ಎಂದು ಕಣ್ಣು ತಪ್ಪಿಸಿದಳು. ಕಣ್ಣು ತಪ್ಪಿಸಿದ್ದನ್ನು ಗುಮಾನಿ ನೋಡಿದ, ನೋಡಿ ಎತ್ತಿಟ್ಟುಕೊಂಡ.

ಆ ಧಡ್ಡೆನ್ನುವ ಏಟಿಗೆ ಮರದ ಸೌಟಿನ ಕುತ್ತಿಗೆ ಸೀಳಿತ್ತು. ಮಾರನೆಯ ದಿನ ಗುಮಾನಿ ಅದನ್ನು ಅಂಗಡಿಗೆ ಒಯ್ದ. ಹಿತ್ತಾಳೆ ತಂತಿ ಸುತ್ತುವ ಮುನ್ನ ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿದ. ನೋಡಿದವನು ಹಾಗೇ ಕೂತ.

ಬಲಗೈಯವರು ತಿರುವಿದ ಸೌಟು ಎಡಗಡೆ ಸವೆಯುತ್ತದೆ. ಪಾತ್ರೆಯ ತಳಕ್ಕೆ ಉಜ್ಜಿ ಉಜ್ಜಿ ಎಡಮೂಲೆ ಓರೆಯಾಗಿ ಹೋಗುತ್ತದೆ. ಅಂಗಡಿಯ ಗೋಡೆಗೆ ರಿಪೇರಿಗೆ ಬಂದ ಒಂಬತ್ತು ಸೌಟುಗಳು ನೇತಾಡುತ್ತಿದ್ದವು, ಒಂಬತ್ತೂ ಎಡಗಡೆ ಸವೆದಿದ್ದವು. ಇವನ ಕೈಯಲ್ಲಿದ್ದದ್ದು ಬಲಗಡೆ ಸವೆದಿತ್ತು. ಅದೂ ಒಂದು ದಿನದ, ಒಂದು ತಿಂಗಳಿನ ಸವೆತವಲ್ಲ, ವರ್ಷಗಟ್ಟಲೆಯದು. ಅವನ ಮನೆಯಲ್ಲಿ ಎಡಚರು ಯಾರೂ ಇರಲಿಲ್ಲ. ಹೆಂಡತಿ ಬಲಗೈಯಲ್ಲಿ ಉಣ್ಣುತ್ತಾಳೆ, ಬಲಗೈಯಲ್ಲಿ ಬಡಿಸುತ್ತಾಳೆ, ಬಲಗೈಯಲ್ಲಿ ಅಂಚೆಯವನಿಗೆ ಸಹಿ ಹಾಕುತ್ತಾಳೆ. ಮಗಳೂ ಬಲಗೈಯವಳೇ. ಹಾಗಾದರೆ ಇಷ್ಟು ವರ್ಷ ಚಿಲಕ ಹಾಕಿದ ಬಾಗಿಲ ಹಿಂದೆ ಈ ಸೌಟು ಹಿಡಿದವರು ಯಾರು?

ನೀವಾಗಿದ್ದರೆ ಮನೆಗೆ ಹೋಗಿ ಕೇಳುತ್ತಿದ್ದಿರಿ. ಗುಮಾನಿ ಕೇಳಲಿಲ್ಲ. ಸಂಜೆ ತಂತಿ ಸುತ್ತಿದ ಸೌಟನ್ನು ಕೊಟ್ಟು, ಅವಳು ಯಾವ ಕೈಯಲ್ಲಿ ಇಸಿದುಕೊಳ್ಳುತ್ತಾಳೆ ಎಂದು ನೋಡಿದ. ಬಲಗೈಯಲ್ಲೇ ಇಸಿದುಕೊಂಡಳು. ಅವನ ಎದೆ ಭಾರವಾಯಿತು. ಇವಳಲ್ಲ ಎಂದಮೇಲೆ ಇನ್ಯಾರೋ. ಹೊರಗಿನವರು. ಅವನು ಅಂಗಡಿಯಲ್ಲಿರುವಾಗ ಬಂದು ಹೋಗುವವರು.

ಅಂದಿನಿಂದ ಅವನು ಊರಿನ ಎಡಚರನ್ನು ಹುಡುಕತೊಡಗಿದ. ಅಂಚೆಯವನಿಗೆ ಸುಮ್ಮನೆ ಪೆನ್ನು ಕೊಟ್ಟು ನೋಡಿದ, ಬಲಗೈ. ಹಾಲಿನವನು ಅಳೆಯುವುದನ್ನು ನೋಡಿದ. ಬಲಗೈ, ಜೊತೆಗೆ ಅಳತೆಯೂ ಕಮ್ಮಿ. ಎದುರು ಮನೆಯ ಮೇಷ್ಟ್ರು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದದ್ದು ಕಂಡು ಮೂರು ದಿನ ಅವರ ಹಿಂದೆ ಬಿದ್ದ. ಬಲ ಮೊಣಕೈ ಉಳುಕಿತ್ತಂತೆ. ಕಡೆಗೆ ಉಳಿದವನು ಒಬ್ಬನೇ, ಮನೆಯಿಂದ ಮೂರನೇ ಬಾಗಿಲಿನ ದರ್ಜಿ. ಊರಿಗೆಲ್ಲ ಗೊತ್ತಿದ್ದ ಎಡಚ. ಅವನ ಎಡಗೈ ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನು ಸ್ವತಃ ಗುಮಾನಿಯೇ. ದರ್ಜಿಯ ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮೆದು ಮಾತಿನ ಮನುಷ್ಯ. ಕತ್ತರಿ ಕೊಡಲು ಬಂದಾಗಲೆಲ್ಲ, "ಅಣ್ಣಾ, ಅತ್ತಿಗೆ ಕೈಯ ಪಾಕ ತಿಂದವನಿಗೆ ಬೇರೆ ಪಾಕ ರುಚಿಸಲ್ಲ" ಎನ್ನುತ್ತಿದ್ದ. ಅದನ್ನು ಇಷ್ಟು ದಿನ ಹೊಗಳಿಕೆ ಎಂದುಕೊಂಡಿದ್ದನಲ್ಲ ಎಂದು ಗುಮಾನಿ ತನ್ನ ತಲೆಯನ್ನೇ ಚಚ್ಚಿಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ದರ್ಜಿ ಹೊಲಿಯುವಾಗ ಹಾಡಿಕೊಳ್ಳುತ್ತಿದ್ದದ್ದೂ ಈಗ ಸಾಕ್ಷಿಯೇ ಆಯಿತು.

ಒಂದು ಬುಧವಾರ ಮಧ್ಯಾಹ್ನ, ಅಂಗಡಿಯ ಬಾಗಿಲು ಎಳೆದುಕೊಂಡು ಅವನು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ. ಚಪ್ಪಲಿಯನ್ನು ಹೊರಗೇ ಬಿಟ್ಟು ಬೆಕ್ಕಿನ ಹೆಜ್ಜೆ ಹಾಕಿದ. ಅಡುಗೆಮನೆಯ ಬಾಗಿಲು ಚಿಲಕ ಹಾಕಿತ್ತು. ಒಳಗಿನಿಂದ ಕಿತ್ತಳೆಯ ವಾಸನೆ, ಮಣೆಯ ಮೇಲೆ ಚಾಕುವಿನ ಟಕಟಕ. ಆ ಸದ್ದು ಅವನಿಗೆ ಹೊಸದಾಗಿ ಕೇಳಿಸಿತು. ಎಂಥ ಹರಿತ ಲಯ! ಊಟದ ಮೇಜಿನ ಮೇಲೆ ಸೇಬು ಹೆಚ್ಚುವಾಗ ಅವನ ಹೆಂಡತಿ ಎಷ್ಟು ನಿಧಾನ, ಎಷ್ಟು ಒಡ್ಡೊಡ್ಡು ಎಂದು ಅವನಿಗೆ ಗೊತ್ತಿಲ್ಲವೇ? ಒಳಗೆ ಹೆಚ್ಚುತ್ತಿದ್ದದ್ದು ಅವಳಲ್ಲ.

"ಬಾಗಿಲು ತೆಗಿ!" ಎಂದ.

ಟಕಟಕ ನಿಂತಿತು. ಏನೋ ಸರಿದ ಸದ್ದು, ಪಾತ್ರೆ ಬಿದ್ದ ಸದ್ದು. ಚಿಲಕ ತೆಗೆಯಲು ನಾಲ್ಕು ಉಸಿರು ಹಿಡಿಯಿತು. ಹೆಂಡತಿ ಒಬ್ಬಳೇ ನಿಂತಿದ್ದಳು, ಮುಖ ಬಿಳಿಚಿತ್ತು. ಕಿಟಕಿ ಅರ್ಧ ತೆರೆದಿತ್ತು.

"ಯಾರಿದ್ರು?"

"ಯಾರಿರ್ತಾರೆ? ಯಾರೂ ಇಲ್ಲ. ಇಷ್ಟೊತ್ತಿಗೆ ಯಾಕೆ ಬಂದ್ರಿ?"

"ಯಾಕೆ, ಬರಬಾರದಾಗಿತ್ತಾ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ಹಣೆಯನ್ನೂ ಒರೆಸಿಕೊಂಡಳು. ಕಳ್ಳತನ ಇಲ್ಲದವಳು ಹೀಗೆ ಬೆವರುತ್ತಾಳೆಯೇ? ಗುಮಾನಿ ಕಿಟಕಿಯಿಂದ ಬಗ್ಗಿ ನೋಡಿದ. ಹಿಂದಿನ ಓಣಿ ಖಾಲಿಯಾಗಿತ್ತು. ಅಷ್ಟು ಬೇಗ ಮೂರನೇ ಬಾಗಿಲು ಸೇರಿಬಿಡಬಹುದು ಎಂದು ಅವನ ಮನಸ್ಸು ಹೇಳಿತು. ಹೇಳಿದ್ದೇ ತಡ, ಬರಿಗಾಲಲ್ಲೇ ಹೊರಟ.

ದರ್ಜಿ ಒಬ್ಬ ಮುದುಕಿಯ ತೋಳಿನ ಅಳತೆ ತೆಗೆಯುತ್ತಿದ್ದ. ಪಕ್ಕದ ಚಹಾ ಅಂಗಡಿಯ ಬೆಂಚಿನಲ್ಲಿ ಐದಾರು ಜನ ಕೂತಿದ್ದರು. ಗುಮಾನಿ ಬೀದಿಯ ನಡುವೆ ನಿಂತು ಕೂಗಿದ: "ನಾನು ಅಂಗಡೀಲಿರೋ ಹೊತ್ತಲ್ಲಿ ನನ್ನ ಮನೆ ಅಡುಗೆಮನೇಲಿ ನಿನಗೇನೋ ಕೆಲಸ?"

ಮಾತು ಆಡಿದರೆ ಹೋಯಿತು. ಮುದುಕಿ ತೋಳು ಎಳೆದುಕೊಂಡಳು. ಬೆಂಚಿನವರು ಲೋಟ ಕೆಳಗಿಟ್ಟರು. ದರ್ಜಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಲ್ಲದಾಯಿತು. ಅಳತೆ ಟೇಪನ್ನು ಸುತ್ತಿ ಇಟ್ಟು, ಬೀದಿಗಿಳಿದು ಹತ್ತಿರ ಬಂದ.

"ಅಣ್ಣಾ, ನನ್ನ ಮಾನ ಹೋಗ್ಲಿ. ಅತ್ತಿಗೆ ಮಾನಕ್ಕಾದ್ರೂ ದನಿ ತಗ್ಗಿಸು. ಏನು ನೋಡಿ ಹೀಗಂತಿದೀಯ?"

"ಸೌಟು ನೋಡಿ. ಬಲಗಡೆ ಸವೆದಿದೆ. ಎಡಚ ತಿರುವಿದ್ದು. ನೀನು ಎಡಚ."

ದರ್ಜಿ ಅವನನ್ನೇ ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಬೆಂಚಿನವರು ಕಾದರು. ಅವನು ಇವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: "ಒಬ್ಬ ಎಡಚನಿಗೆ ಇನ್ನೊಬ್ಬರು ಎಡಚರು ಅಂತ ಗೊತ್ತಾಗುತ್ತಣ್ಣ. ನನಗೆ ಗೊತ್ತಾಗಿ ಹತ್ತು ವರ್ಷ ಆಯ್ತು. ಹೇಳೋದು ನನ್ನ ಕೆಲಸ ಅಲ್ಲ ಅಂತ ಸುಮ್ಮನಿದ್ದೆ. ಮನೆಗೆ ಹೋಗು. ಅತ್ತಿಗೆ ಕಡೆಗೆ ಏನಾದ್ರೂ ಎಸೆದು ನೋಡು, ಯೋಚನೆ ಮಾಡೋಕೆ ಪುರುಸೊತ್ತು ಕೊಡಬೇಡ."

ಗುಮಾನಿ ಮನೆಗೆ ಬಂದಾಗ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವನು ಮೇಜಿನ ಮೇಲಿದ್ದ ಒಂದು ಕಿತ್ತಳೆ ತೆಗೆದುಕೊಂಡು, "ಏ!" ಎಂದು ಕೂಗಿ ಎಸೆದ. ಅವಳು ತಿರುಗಿದಳು. ಹಣ್ಣು ಮುಖಕ್ಕೆ ಬೀಳುವುದರಲ್ಲಿತ್ತು. ಅವಳ ಎಡಗೈ ಎದ್ದು ಅದನ್ನು ಗಾಳಿಯಲ್ಲೇ ಹಿಡಿಯಿತು. ಚೂರೂ ತಡವರಿಸಲಿಲ್ಲ. ಬಲಗೈ ಇದ್ದಲ್ಲೇ ಇತ್ತು.

ಇಬ್ಬರೂ ಆ ಕೈಯನ್ನೇ ನೋಡುತ್ತ ನಿಂತರು.

ಆಮೇಲೆ ಗುಮಾನಿ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ! ಹದಿನೈದು ದಿನದ ಕಲ್ಲು ಎದೆಯಿಂದ ಇಳಿದ ಖುಷಿಯಲ್ಲಿ ನಾಲಿಗೆಗೆ ಲಂಗುಲಗಾಮಿಲ್ಲದಾಯಿತು. "ಅಯ್ಯೋ, ನೀನೇನಾ! ನಾನು ಆ ದರ್ಜಿ ಅಂತ ತಿಳ್ಕೊಂಡಿದ್ದೆ ಕಣೇ! ಈಗಷ್ಟೇ ಹೋಗಿ ಕೂಗಾಡಿ ಬಂದೆ!"

ಅವಳು ನಗಲಿಲ್ಲ. ಕಿತ್ತಳೆಯನ್ನು ಮಣೆಯ ಮೇಲಿಟ್ಟಳು.

"ಎಲ್ಲಿ ಕೂಗಾಡಿದ್ರಿ?"

"ಬೀ... ಬೀದೀಲಿ."

"ಏನಂತ?"

ಗುಮಾನಿಯ ನಗು ಅಲ್ಲೇ ಒಣಗಿತು.

"ಹುಡುಗಿಯಾಗಿದ್ದಾಗ ನಮ್ಮಮ್ಮ ಈ ಕೈಯನ್ನ ಬಟ್ಟೇಲಿ ಸುತ್ತಿ ಬೆನ್ನಿಗೆ ಕಟ್ತಿದ್ಲು," ಎಂದಳು ಅವಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಿಮ್ಮಮ್ಮ ನನ್ನ ನೋಡೋಕೆ ಬಂದಾಗ ಹುಡುಗೀಲಿ ಏನೂ ಐಬಿಲ್ಲ ಅಂತ ನಮ್ಮಪ್ಪ ಮಾತು ಕೊಟ್ಟಿದ್ರು. ಅದಕ್ಕೇ ಚಿಲಕ ಹಾಕ್ಕೊಂಡೆ. ನಿಮ್ಮಮ್ಮ ಹೋದ ಮೇಲೆ ತೆಗೀಬಹುದಿತ್ತು. ಆದ್ರೆ ನೀವಿದ್ರಲ್ಲ. ಇದನ್ನ ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಿದ್ದಾಳೋ ಅಂತೀರಿ ಅಂತ ಭಯ."

"ನಾನು ಹಾಗೆಲ್ಲ..."

"ಊರಲ್ಲಿರೋ ಎಡಚರನ್ನೆಲ್ಲ ಎಣಿಸಿದ್ರಿ. ನಾನು ಎಡಚಿ ಆಗಿರಬಹುದು ಅಂತ ಹೊಳೀಲಿಲ್ಲ. ನಾನು ಕೆಟ್ಟವಳಾಗಿರಬಹುದು ಅಂತ ಹೊಳೀತು."

ಗುಮಾನಿ ಮಣೆಯ ಮೇಲಿದ್ದ ಕಿತ್ತಳೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

ಅವಳು ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿದಳು. ಮಗಳ ಮನೆಗೆ ಹೋಗುತ್ತೇನೆ ಎಂದಳು. ಯಾವಾಗ ಬರುತ್ತೀ ಎಂದು ಅವನು ಕೇಳಿದ್ದಕ್ಕೆ, "ಮೊದಲು ಆ ಮನುಷ್ಯನ ಹತ್ರ ತಪ್ಪಾಯ್ತು ಅನ್ನಿ. ಎಲ್ಲಿ ನಿಂತು ಕೂಗಿದ್ರೋ ಅಲ್ಲೇ ನಿಂತು, ಅಷ್ಟೇ ಜೋರಾಗಿ. ಯಾಕೆ ಅಂತಾನೂ ಹೇಳಿ. ನನ್ನ ಕೈ ಕಥೆ ಊರಿಗೇ ಗೊತ್ತಾಗ್ಲಿ. ಅವರ ಮಾನ ಹೋಗೋದಕ್ಕಿಂತ ಅದು ವಾಸಿ," ಎಂದಳು. ಹೊರಡುವ ಮುನ್ನ ಒಲೆ ಆರಿಸಿ, ಅರ್ಧ ಹೆಚ್ಚಿದ ಸಿಪ್ಪೆಯನ್ನು ಹಾಗೇ ಬಿಟ್ಟು ಹೋದಳು.

ಮನೆಯಲ್ಲಿ ಒಬ್ಬನೇ ಆದ ಗುಮಾನಿ ಮಣೆಯ ಮುಂದೆ ಕೂತ. ಸಿಪ್ಪೆಯ ಎಳೆಯೊಂದನ್ನು ಎತ್ತಿ ನೋಡಿದ. ಒಂದು ತುದಿ ದಪ್ಪ, ಒಂದು ತುದಿ ತೆಳು. ಇನ್ನೊಂದು ಎತ್ತಿದ, ಅದೂ ಹಾಗೆಯೇ. ಪಾಕದಲ್ಲಿ ಕರಗುವುದು ಈ ತೆಳು ತುದಿ. ಹಲ್ಲಿಗೆ ಸಿಗುವುದು ಈ ದಪ್ಪ ತುದಿ. ಅವನು ಚಾಕುವನ್ನು ಕೈಗೆತ್ತಿಕೊಂಡ. ಪ್ರತಿ ಭಾನುವಾರ ಸಂಜೆ ತಾನೇ ಸಾಣೆ ಹಿಡಿಯುತ್ತಿದ್ದ ಚಾಕು. ಅಪ್ಪ ಕಲಿಸಿದಂತೆ ಅಲಗಿನ ಬಲಮಗ್ಗುಲನ್ನು ಮಾತ್ರ ಓರೆಯಾಗಿ ತೇಯ್ದು, ಎಡಮಗ್ಗುಲನ್ನು ಚಪ್ಪಟೆ ಬಿಡುತ್ತಿದ್ದ. ಅದು ಬಲಗೈಯವರ ಸಾಣೆ. ಅದನ್ನು ಎಡಗೈಯಲ್ಲಿ ಹಿಡಿದರೆ ಅಲಗು ನೆಟ್ಟಗೆ ಇಳಿಯುವುದಿಲ್ಲ, ಓರೆಗೆ ಎಳೆಯುತ್ತದೆ. ದರ್ಜಿಯ ಕತ್ತರಿಗೆ ಎಡಗೈ ಸಾಣೆ ಹಿಡಿದುಕೊಡುತ್ತಿದ್ದವನು ಹೆಂಡತಿಯ ಚಾಕುವನ್ನು ಇಪ್ಪತ್ತಾರು ವರ್ಷ ಅವಳ ಕೈಗೆ ಎದುರಾಗಿ ತೇಯ್ದಿದ್ದ. ಚಾಕುವಿನಲ್ಲಿ ಅವಳ ಕೈಯ ಗುರುತು ಮೂಡಿದ್ದರೂ ವಾರಕ್ಕೊಮ್ಮೆ ಸಾಣೆಯೇ ಅಳಿಸಿಹಾಕುತ್ತಿತ್ತು. ಸೌಟಿಗೆ ಯಾರೂ ಸಾಣೆ ಹಿಡಿಯುವುದಿಲ್ಲವಾಗಿ ಅದು ಉಳಿದಿತ್ತು, ಅಷ್ಟೆ.

ಅಮ್ಮ, ಮಗಳು, ಬೀದಿಯವರು ಎಲ್ಲರೂ ಹುಡುಕಿದ ಗುಟ್ಟು ಇದು. ಪಾಕದಲ್ಲಿ ಅವಳು ಏನೂ ಹಾಕುತ್ತಿರಲಿಲ್ಲ. ಹಾಕುತ್ತಿದ್ದವನು ಇವನು. ಗುಮಾನಿಗೆ ಅಳು ಬಂತು, ಅತ್ತ.

ಮಾರನೆಯ ಬೆಳಿಗ್ಗೆ ಚಹಾ ಅಂಗಡಿಯ ಬೆಂಚು ತುಂಬುವವರೆಗೆ ಕಾದು, ಅದೇ ಜಾಗದಲ್ಲಿ ನಿಂತು ಅವನು ಕೂಗಿದ. ತಪ್ಪಾಯ್ತು ಎಂದ. ಆ ಕೈ ನನ್ನ ಹೆಂಡತಿಯದೇ, ನಾನು ಕುರುಡ ಎಂದ. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ದರ್ಜಿ ಮಷೀನು ನಿಲ್ಲಿಸಿ ಕೇಳಿಸಿಕೊಂಡ, ಸರಿ ಎನ್ನುವಂತೆ ತಲೆಯಾಡಿಸಿದ, ಮತ್ತೆ ತುಳಿಯತೊಡಗಿದ. ಅವನ ಕತ್ತರಿ ಆಮೇಲೆ ಎಷ್ಟೋ ತಿಂಗಳು ಸಾಣೆಗೆ ಬರಲಿಲ್ಲ.

ಅಂಗಡಿಗೆ ಹೋಗಿ ಗುಮಾನಿ ಚಾಕು ಹಿಡಿದು ಕೂತ. ಹಳೆಯ ಓರೆಯನ್ನು ಪೂರ್ತಿ ಕಳೆದು ಎಡಮಗ್ಗುಲಿಗೆ ಹೊಸ ಓರೆ ಎಬ್ಬಿಸಬೇಕು. ಎರಡು ದಿನ ಹಿಡಿಯಿತು. ಮೂರನೇ ದಿನ ಮಗಳ ಮನೆಗೆ ಒಯ್ದು, ಏನೂ ಹೇಳದೆ ಹೆಂಡತಿಯ ಮುಂದೆ ಇಟ್ಟ. ಅವಳು ಅದನ್ನೂ ಅವನನ್ನೂ ನೋಡಿದಳು. ಈಗ ಗುಮಾನಿ ಪಡುವ ಸರದಿ ಅವಳದಾಗಿತ್ತು. "ಏನು ಮಾಡಿದ್ರಿ ಇದಕ್ಕೆ?"

"ಹೆಚ್ಚಿ ನೋಡು."

ಮಗಳು ನೋಡುತ್ತಿದ್ದಳು, ಬಾಗಿಲು ತೆರೆದೇ ಇತ್ತು. ಹೆಂಡತಿ ಎಡಗೈಯಲ್ಲಿ ಚಾಕು ಹಿಡಿದು ಸಿಪ್ಪೆಯ ಮೇಲಿಟ್ಟಳು. ಅಲಗು ನೆಟ್ಟಗೆ ಮಣೆ ಮುಟ್ಟಿತು. ಇನ್ನೊಂದು ಸಲ. ಮತ್ತೊಂದು ಸಲ. ಅವಳು ನಿಲ್ಲಿಸಿ ತನ್ನ ಕೈಯನ್ನು ನೋಡಿಕೊಂಡಳು.

"ಇಷ್ಟು ಸುಲಭಾನಾ ಇದು?" ಎಂದಳು. "ಓರೆ ಹೋಗೋದು ನನ್ನ ಕೈಯ ದೋಷ ಅಂದ್ಕೊಂಡಿದ್ದೆ."

ಅವಳ ಕಣ್ಣು ತುಂಬಿತು. ಗುಮಾನಿ ನೆಲ ನೋಡುತ್ತ ನಿಂತ. ಮಗಳು ಯಾರ ಪಕ್ಕ ನಿಲ್ಲಬೇಕೆಂದು ತಿಳಿಯದೆ ಒಲೆ ಹಚ್ಚಿದಳು.

ಆ ದಿನದ ಪಾಕದ ಎಳೆಗಳೆಲ್ಲ ಒಂದೇ ಸಮ, ಒಂದೇ ಬಣ್ಣ, ಗಾಜಿನ ಹಾಗೆ ಹೊಳೆಯುತ್ತಿದ್ದವು. ಮಗಳು ಒಂದು ಚಮಚ ಬಾಯಿಗಿಟ್ಟು ಮುಖ ಸಣ್ಣ ಮಾಡಿದಳು. "ಅಮ್ಮಾ, ಇದು ನಮ್ಮನೆ ಪಾಕ ಅಲ್ಲಮ್ಮ. ಆ ರುಚಿ ಹೋಗಿಬಿಡ್ತು."

"ಆ ರುಚಿ ಬೇಕಾ? ನಿನ್ನ ಕೈಗೆ ಒಗ್ಗದ ಚಾಕು ಹಿಡಿದು, ಇಪ್ಪತ್ತಾರು ವರ್ಷ ಬಾಗಿಲು ಹಾಕ್ಕೊಂಡು ಹೆಚ್ಚು. ಬರುತ್ತೆ."

ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀನಾದ್ರೂ ಹೇಳು. ಹಳೇದೇ ಚೆನ್ನಾಗಿರಲಿಲ್ವಾ?"

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಚಾಕುವನ್ನು ಬೆಳಕಿಗೆ ಹಿಡಿದು ಅವನು ನೋಡುತ್ತಿದ್ದನಲ್ಲ, ಹಾಗೆ. ಒಂದು ಸಿಹಿ ಸುಳ್ಳು ಅವನ ನಾಲಿಗೆಯ ತುದಿಗೇ ಬಂದಿತ್ತು. ಅದು ಅವಳಿಗೆ ಕಾಣದೆ ಇರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಹಳೇದೇ ಚೆನ್ನಾಗಿತ್ತು," ಎಂದ.

ಅವಳು ಪಾತ್ರೆ ಎಳೆದುಕೊಂಡು, ಎಡಗೈಯಲ್ಲಿ ಚಮಚ ತುಂಬಿ, ಅವನ ತಟ್ಟೆಗೆ ಬಡಿಸಿದಳು. ಮದುವೆಯಾದ ಮೇಲೆ ಆ ಕೈಯಿಂದ ಅವನು ಉಂಡದ್ದು ಅದೇ ಮೊದಲು.

"ಇನ್ಮೇಲೆ ಇದೇ," ಎಂದಳು. "ಸಂಜೆ ಬೇಗ ಬನ್ನಿ, ಚೀಲ ಹೊತ್ಕೊಂಡು ಹೋಗೋಕೆ."